ಕೊಬ್ಬರಿ ಎಣ್ಣೆ ಬೇಡ

ಕಾರವಾರದ ದೊಡ್ಡಾಸ್ಪತ್ರೆ, ಹಿಂಬದಿಯ ಕೋಣೆ.
ಫ್ಯಾನು ಕಿರುಗುಟ್ಟಿದಾಗೆಲ್ಲ ಗೋಡೆಯ ಕ್ಯಾಲೆಂಡರು
ಸೆಪ್ಟೆಂಬರಿಗೂ ಅಕ್ಟೋಬರಿಗೂ ಓಡಾಡುತ್ತದೆ.
ಬಾಗಿಲ ಮೇಲೆ ಬರೆದದ್ದು: ಆಪ್ತ ಸಮಾಲೋಚನೆ.
ಹದಿನಾರು ವರ್ಷದಿಂದ ಕೂತಿದ್ದೇನೆ, ಗುತ್ತಿಗೆಯ ಮೇಲೆ.
ಸಂಬಳ ತಡವಾಗಿ ಬರುತ್ತದೆ,
ಜನ ಅದಕ್ಕಿಂತ ತಡವಾಗಿ.

ಆತ ಬಂದದ್ದು ಬೈತಖೋಲ ಬಂದರದಿಂದ.
ಹೆಸರು ಬರೆದುಕೊಂಡೆ; ಇಲ್ಲಿ ಉಲ್ಲಾಸ ತಾಂಡೇಲ ಅನ್ನೋಣ.
ವಯಸ್ಸು ಮೂವತ್ತೊಂಬತ್ತು, ಬೋಟಿನ ಎಂಜಿನ್ ರಿಪೇರಿ.
ಉಗುರ ಸಂದಿಯಲ್ಲಿ ಯಾವ ಸಾಬೂನಿಗೂ ಬಗ್ಗದ ಕಪ್ಪು.
ಕುರ್ಚಿಯ ತುದಿಯಲ್ಲಿ ಕೂತು
ಮೊದಲು ಬಿ.ಪಿ. ವಿಚಾರಿಸಿದ, ಆಮೇಲೆ ಸಕ್ಕರೆ ಕಾಯಿಲೆ,
ಆಮೇಲೆ ಸುಮ್ಮನಾದ.
ಈ ಸುಮ್ಮನಾಗುವುದನ್ನು ನಾನು ಬಲ್ಲೆ.
ಒಂದು ಲೋಟ ನೀರು ಕೊಡಬೇಕು, ಮುಖ ನೋಡಬಾರದು.

'ನಮ್ಮ ಮನೆಯವರು...' ಅಂದ.
'ಅವರು ಕೇಳ್ತಿದ್ದಾರೆ. ನನಗೂ ಬೇಕು. ಆದ್ರೆ ಹೆದರಿಕೆ.'
ಏನು ಅಂತ ಹೇಳಲು ಶಬ್ದವಿಲ್ಲ.

ನನಗೂ ಇರಲಿಲ್ಲ.
ತರಬೇತಿಯಲ್ಲಿ ಕೊಟ್ಟದ್ದು ಗುದಸಂಭೋಗ,
ನಾಲಿಗೆ ಸಂಸ್ಕೃತದ ಮೇಷ್ಟರ ಮುಂದೆ ಎದ್ದು ನಿಂತ ಹಾಗೆ.
ಬಂದರದಲ್ಲಿ ಇರುವುದು ಬೈಗುಳ:
ಬಲೆ ಹರಿದಾಗ, ಐಸು ಕರಗಿದಾಗ, ದಲಾಲಿ ತೂಕದಲ್ಲಿ ಕದ್ದಾಗ
ದಿನಕ್ಕೆ ನೂರು ಸಲ ಬಳಸಿ ಸವೆದದ್ದು.
ಪುಸ್ತಕಕ್ಕೂ ಬೈಗುಳಕ್ಕೂ ನಡುವೆ
ಇಬ್ಬರು ಮಲಗುವಷ್ಟು ಜಾಗ
ನಮ್ಮ ಮಾತಿನಲ್ಲಿ ಯಾರೂ ಗುಡಿಸಿಟ್ಟಿಲ್ಲ.

'ಹಿಂದಿನ ದಾರಿಯಲ್ಲಿ ಸೇರೋದು, ಅಲ್ವಾ?' ಅಂದೆ.
ನೀರಿನ ಲೋಟ ತಲೆಯಾಡಿಸಿತು.

ಅಲ್ಲಿ ಒಳಚರ್ಮ ತೆಳು, ತಾನಾಗಿ ತೇವವಾಗುವುದಿಲ್ಲ.
ಅವಸರಕ್ಕೆ ಸಣ್ಣ ಬಿರುಕು, ಬಿರುಕಿನಲ್ಲಿ ರೋಗಕ್ಕೆ ದಾರಿ.
ಕಾಂಡೋಮ್ ಬೇಕೇ ಬೇಕು.
ಜೊತೆಗೆ ಜೆಲ್ಲಿ, ನೀರಿನಂಶದ್ದು, ಧಾರಾಳವಾಗಿ.
'ಕೊಬ್ಬರಿ ಎಣ್ಣೆ ಆಗೋದಿಲ್ವಾ? ಮನೇಲೇ ಇದೆ.'
ಈ ಕರಾವಳಿಯಲ್ಲಿ ಎಲ್ಲದಕ್ಕೂ ಅದೇ:
ತಲೆಗೆ, ಸುಟ್ಟ ಗಾಯಕ್ಕೆ, ಕೂಸಿನ ಹೊಟ್ಟೆಗೆ, ತುಕ್ಕು ಹಿಡಿದ ಬೀಗಕ್ಕೆ.
'ಬೇಡ. ಎಣ್ಣೆ ತಾಗಿದರೆ ರಬ್ಬರು...'
'ಗೊತ್ತು' ಅಂದ, ಮೊದಲ ಸಲ ಕಣ್ಣೆತ್ತಿ.
'ಡೀಸೆಲ್ ಕುಡಿದ ವಾಷರು. ಉಬ್ಬಿ, ಮೆತ್ತಗಾಗಿ
ನಡುಸಮುದ್ರದಲ್ಲಿ ಕೈ ಕೊಡ್ತದೆ.'

ಅಲ್ಲಿಂದ ಮುಂದೆ ನಾನು ಅವನ ಬೋಟು ಹತ್ತಿದೆ.
ತಣ್ಣಗಿನ ಎಂಜಿನ್ನಿಗೆ ಒಮ್ಮೆಲೇ ಥ್ರಾಟಲ್ ಕೊಡ್ತೀರಾ?
ಇಲ್ಲ.
ಸದ್ದು ಬದಲಾದರೆ?
ನಿಲ್ಲಿಸ್ತೇನೆ.
ಹಾಗೇ. ನೋವು ಅಂದರೆ ಸದ್ದು.
ಮರಗಟ್ಟಿಸುವ ಮುಲಾಮು ಹಚ್ಚಬೇಡಿ,
ಎಚ್ಚರಿಕೆ ದೀಪದ ವೈರು ಕಿತ್ತಂತಾಗುತ್ತದೆ.
ಗೋವೆಯಿಂದ ತಂದ ಬಾಟಲಿ ಅವತ್ತು ಬೇಡ.
ಕಾಂಡೋಮ್ ಹರಿದರೆ ದೇವರಿಗೆ ಹರಕೆ ಹೊತ್ತು ಕೂರಬೇಡಿ,
ಎಪ್ಪತ್ತೆರಡು ಗಂಟೆಯೊಳಗೆ ಶುರುಮಾಡುವ ಮಾತ್ರೆ ಇದೆ,
ಬೇಗ ಬಂದಷ್ಟೂ ಒಳ್ಳೆಯದು.
ರಕ್ತ ನಿಲ್ಲದಿದ್ದರೂ ಇಲ್ಲಿಗೇ ಬನ್ನಿ.
ಡಾಕ್ಟರು ನಗುವುದಿಲ್ಲ. ನಕ್ಕರೆ ನನಗೆ ಹೇಳಿ.
ಮತ್ತೆ, ಇಬ್ಬರಲ್ಲಿ ಒಬ್ಬರಿಗೆ ಬೇಡ ಅನಿಸಿದರೆ,
ಅರ್ಧ ದಾರಿಯಲ್ಲೇ ಅನಿಸಿದರೂ,
ಬೋಟು ದಡಕ್ಕೆ.

'ರಕ್ತ ಪರೀಕ್ಷೆ ಅವರಿಗೂ ಬೇಕಾ?'
ಇಬ್ಬರಿಗೂ. ಒಟ್ಟಿಗೇ ಬನ್ನಿ.
'ಅವರು ಬರೋದು...' ಕಿಟಕಿಯ ಕಡೆ ನೋಡಿದ.
ಹೊರಗೆ ಆಂಬುಲೆನ್ಸ್ ಹಿಂದೆ ಹಿಂದೆ ಸರಿಯುತ್ತ
ಅದೇ ಮೂರು ಸ್ವರ ಹಾಡುತ್ತಿತ್ತು.
ಅದು ನಿಂತ ಮೇಲೆ,
'ಅವನು' ಅಂದ.

ಬದಲಾದದ್ದು ಒಂದೇ ಅಕ್ಷರ.
ಎಷ್ಟು ವರ್ಷ ಆ 'ರು'ವಿನ ಮರೆಯಲ್ಲಿ
ಇಬ್ಬರೂ ಮರ್ಯಾದೆಯಾಗಿ ಬಾಳಿದ್ದರೋ,
ರೇಷನ್ ಅಂಗಡಿಯಲ್ಲಿ, ಮೀನು ಹರಾಜಿನಲ್ಲಿ, ತಂಗಿಯ ಮದುವೆಯಲ್ಲಿ.
ನನ್ನ ಪೆನ್ನು ನಿಲ್ಲಲಿಲ್ಲ. ನಿಲ್ಲಬಾರದು,
ಇಷ್ಟು ವರ್ಷದಲ್ಲಿ ಕಲಿತದ್ದು ಇದೊಂದನ್ನೇ.
ಹೇಳಿದ್ದರಲ್ಲಿ ತಿದ್ದಬೇಕಾದ್ದು
ಒಂದು ಸಾಲೂ ಇರಲಿಲ್ಲ.
'ಅವನನ್ನು ಮಂಗಳವಾರ ಕರ್ಕೊಂಡು ಬನ್ನಿ,
ಮಂಗಳವಾರ ಜನ ಕಡಿಮೆ' ಅಂದೆ.

ಪೊಟ್ಟಣ ಅಂಗಿಯ ಒಳಜೇಬಿಗೆ ಸೇರಿತು.
ಬಾಗಿಲಲ್ಲಿ ನಿಂತು ಮೇಲೆ ನೋಡಿದ, ತುಸು ಹೊತ್ತು, ಕಿವಿಯಿಟ್ಟು.
'ನಿಮ್ಮ ಫ್ಯಾನಿನ ಬೇರಿಂಗು ಒಣಗಿದೆ ಬಾಯಿ.
ಇದಕ್ಕೆ ಬೇಕಾದ್ರೆ
ಎಣ್ಣೆ ಬಿಡಿ.'