ಹೆಸರು ಹೇಳಬಾರದ ಹಾಡು

ನುರ್ಮೆಸ್ ಊರಿನ ಹಳೆಯ ಶಾಲೆ, ಮರಗೆಲಸದ ಕೋಣೆ.
ಗುರುವಾರ ಸಂಜೆ ಆರಕ್ಕೆ ಅಲ್ಲಿ ಅಳುವುದನ್ನು ಕಲಿಸುತ್ತಾರೆ.
ನಾನು ನಗಲಿಲ್ಲ. ಹೆಂಡತಿ ಹೆಸರು ಬರೆಸಿ ಬಂದಿದ್ದಳು,
ನಲವತ್ತು ಯೂರೊ, ಕಾಫಿ ಸೇರಿ.

ಹಿಮ ಗೋರುವ ಲಾರಿಯವನು ನಾನು, ರೈಮೊ.
ಬೆಳಗಿನ ನಾಲ್ಕಕ್ಕೆ, ಊರು ಏಳುವ ಮೊದಲು,
ದಾರಿಯನ್ನು ದಾರಿಯೆಂದು ತೋರಿಸುವುದು ನನ್ನ ಕೆಲಸ.
ಮಾತು ಕಡಿಮೆ. ಈ ಕಡೆ ಅದನ್ನು ಯಾರೂ ಕಾಯಿಲೆ ಅನ್ನುವುದಿಲ್ಲ.

ಆದರೆ ಒಂದು ಹೆಸರು.
ಹನ್ನೊಂದು ವರ್ಷದಿಂದ ಗಂಟಲಲ್ಲಿ ಮೀನಿನ ಮುಳ್ಳು,
ಉಗುಳಲಾಗದು, ನುಂಗಲಾಗದು.
ಊಟದ ಮೇಜಿನಲ್ಲಿ ಯಾರಾದರೂ ಅದನ್ನೆತ್ತಿದರೆ
ಎದ್ದು ಹೋಗಿ ಸೌದೆ ಒಡೆಯುತ್ತೇನೆ.
ನಮ್ಮ ಮನೆಯಲ್ಲಿ ಮೂರು ಚಳಿಗಾಲಕ್ಕಾಗುವಷ್ಟು ಸೌದೆಯಿದೆ.

ಕಲಿಸುವಾಕೆ ಐರಾ, ಎಪ್ಪತ್ತು ದಾಟಿದ ಹೆಂಗಸು.
ಅವಳ ಅಜ್ಜಿಯ ಅಕ್ಕ ಗಡಿಯಾಚೆಯ ಕರೇಲಿಯದಿಂದ
ಯುದ್ಧದ ವರ್ಷ ದನದ ರೈಲಿನಲ್ಲಿ ಬಂದವಳು;
ತಂದದ್ದು ಒಂದು ಹಸು, ಕಾಫಿ ಬೀಸುವ ಡಬ್ಬಿ, ಈ ಅಳು.
"ಎರಡೇ ನಿಯಮ," ಅಂದಳು ಐರಾ.
"ಸತ್ತವರ ಹೆಸರು ಹೇಳಬಾರದು.
ನಾನು ಅನ್ನಬಾರದು."

ಅಮ್ಮ ಅಮ್ಮನಲ್ಲ: ಹೊತ್ತವಳು, ಹೆತ್ತವಳು, ತುತ್ತಿಟ್ಟವಳು.
ಸೂರ್ಯ ಸೂರ್ಯನಲ್ಲ: ಎಲ್ಲರ ಅಂಗಳಕ್ಕೂ ಬರುವ ಬೆಚ್ಚಗಿನವನು.
ಹಾಡುವವನು ನಾನಲ್ಲ: ಬಳಲಿದ ಒಂದು ಮೈ,
ಬೆಂದು ಉಳಿದ ಕೊರಡು.

ಕಿಟಕಿ ಕಡೆ ತಿರುಗಿದೆ.
ಹೊರಗೆ ನನ್ನ ರೋಗವಾಗಿದ್ದದ್ದು
ಇಲ್ಲಿ ವ್ಯಾಕರಣ.

ರಾಗ ಅನ್ನುವಷ್ಟು ದೊಡ್ಡದಲ್ಲ ಅದು. ನಾಲ್ಕೈದು ಸ್ವರ.
ಮೇಲೆ ಶುರುವಾಗಿ ಕೆಳಗೇ ಇಳಿಯುತ್ತದೆ, ಪ್ರತಿಸಲ,
ನೆಲಮಾಳಿಗೆಗೆ ಆಲೂಗಡ್ಡೆ ತರಲು ಹೋದ ಹಾಗೆ,
ಮೆಟ್ಟಿಲು ಮೆಟ್ಟಿಲು, ಕೈಯಲ್ಲಿ ದೀಪವಿಲ್ಲದೆ.
ಉಸಿರು ಮುಗಿದಲ್ಲಿ ಸಾಲು ಮುಗಿಯುತ್ತದೆ.
ಬಿಕ್ಕಿದರೆ ಅದೂ ಸ್ವರ.

ಮೊದಲ ಗುರುವಾರ ಕೆಮ್ಮಿದೆ. ಎರಡನೆಯ ಗುರುವಾರ ಬರೀ ಕಾಫಿ.
ಪಕ್ಕದಲ್ಲಿದ್ದ ದಂತವೈದ್ಯೆ ಹುಟ್ಟದ ಮಗುವಿಗೆ ಅತ್ತಳು.
ಪಾದ್ರಿಯೊಬ್ಬ ತನ್ನ ನಾಯಿಗೆ ಅತ್ತ; ಯಾರೂ ನಗಲಿಲ್ಲ.
ನಾಲ್ಕನೆಯ ಗುರುವಾರ ಐರಾ ಕರವಸ್ತ್ರ ನನ್ನ ಮುಂದಿಟ್ಟಳು.
ಮುಖ ಮುಚ್ಚಿಕೊಂಡೆ. ಕತ್ತಲೆಗೆ ಸಾಬೂನಿನ ವಾಸನೆ.

    ಒಂದೇ ತೊಟ್ಟಿಲಲಿ ತೂಗಿಸಿಕೊಂಡವನೆ,
    ಒಂದೇ ಬಟ್ಟಲಲಿ ತುತ್ತು ಹಂಚಿಕೊಂಡವನೆ,
    ವಸಂತದ ಬಿಳಿ ಹಲಗೆಯ ಮೇಲೆ ನಡೆದವನೆ,
    ಹಲಗೆ ಹೊರುತ್ತದೆ ಹೋಗು ಎಂದ ಈ ಬಾಯಿ,
    ಅಳೆಯದೆ, ನೋಡದೆ, ಮಗ್ಗುಲು ಬದಲಿಸಿ ಎಂದ ಈ ಬಾಯಿ,
    ಆ ಬೆಳಗಿನಿಂದ ಉಣ್ಣುತ್ತಲೇ ಇದೆ, ನಾಚದೆ.
    ನೀರ ಕೆಳಗಿನ ನೆರೆಯವನೆ,
    ಕೇಳುತ್ತದೆಯೆ?

ಅಷ್ಟೆ. ಹೆಸರಿಲ್ಲ, ನಾನಿಲ್ಲ.
ಇಬ್ಬರೂ ಇಲ್ಲದ ಆ ಹಾಡಿನಲ್ಲಿ
ಎಷ್ಟೋ ಕಾಲದ ಮೇಲೆ ಇಬ್ಬರೂ ಕೂತಿದ್ದೆವು.

ಸಮಾಧಾನವೆ? ಗೊತ್ತಿಲ್ಲ. ಆ ರಾತ್ರಿ ಹೊಟ್ಟೆ ಹಸಿಯಿತು.
ನಿಂತೇ ಐದು ಆಲೂಗಡ್ಡೆ ತಿಂದೆ.
ಹೆಂಡತಿ ಏನೂ ಕೇಳದೆ ಬೆಣ್ಣೆ ಸರಿಸಿದಳು.
ನಾಲ್ಕಕ್ಕೆ ಲಾರಿ. ಇಂಜಿನ್ನಿನ ಗುಡುಗಿನಡಿ
ಏನೋ ಇಳಿಯುತ್ತಿತ್ತು, ಮೆಟ್ಟಿಲು ಮೆಟ್ಟಿಲು.
ರೇಡಿಯೊ ಆರಿಸಲು ಕೈಚಾಚಿದೆ. ಅದು ಆರಿಯೇ ಇತ್ತು.

ಡಿಸೆಂಬರಿನಲ್ಲಿ ಪಕ್ಕದ ಮನೆಯ ಹುಡುಗ ಏಲಿ
ಗಾಳ ಹಿಡಿದು ಬಂದ: "ಕೆರೆ ಗಟ್ಟಿಯಾಗಿದೆಯಾ?"
ಗೊತ್ತಿಲ್ಲ, ಅಂದೆ. ಅಳೆಯೋಣ.
ಸೌದೆಯ ರಾಶಿಯ ಹಿಂದಿನಿಂದ
ಮಂಜು ಕೊರೆಯುವ ಬೈರಿಗೆ ಎಳೆದೆ, ತುಕ್ಕು ಒರೆಸಿದೆ.
ದಡದಿಂದ ಹತ್ತು ಹೆಜ್ಜೆಗೊಮ್ಮೆ ತಿರುಗಿಸಿದೆ, ತಿರುಗಿಸಿದೆ,
ಕಪ್ಪು ನೀರು ಉಕ್ಕಿ ಬೂಟು ತೋಯಿಸಿತು.
ಹದಿನಾಲ್ಕು ಸೆಂಟಿಮೀಟರ್. ಮತ್ತೆ ಹದಿನಾಲ್ಕು.
"ಹೊರುತ್ತದೆ," ಅಂದೆ, ಅಳೆದು.

ಹಿಡಿಯ ಮೇಲೆ ಚಾಕುವಿನಲ್ಲಿ ಕೆತ್ತಿದ್ದ ಅಕ್ಷರಗಳ ಮೇಲೆ
ಏಲಿ ಬೆರಳಾಡಿಸಿದ. "ಇದು ಯಾರ ಹೆಸರು?"

"ಎಸ್ಕೊ," ಅಂದೆ. "ನನ್ನ ತಮ್ಮ."

ಆಮೇಲೆ ಅವನ ಗಾಳಕ್ಕೆ ಹುಳು ಸಿಕ್ಕಿಸಿಕೊಟ್ಟೆ.
ಬೆರಳು ಮರಗಟ್ಟಿತ್ತು, ಸ್ವಲ್ಪ ಹೊತ್ತು ಹಿಡಿಯಿತು.