ಉಲ್ಟಾ ಓದಿದವ

ಮೊದಲ ಹೊಗಿ ಬಂತು.
ಊದಿನಕಡ್ಡಿಯಂಥಾ ಎಳಿ ಹೊಗಿ,
ನಾಲ್ಕು ಮೋಟಾರಿನ ನಟ್ಟನಡುವಿಂದ.
ತಪ್ಪು ನಂದs. ಹೊಸಾ ವೈರು ಬೆಸಿಯೂ ಮುಂದ
ಕೆಂಪು ಕರಿ ಅದಲಿಬದಲಿ ಮಾಡಿದ್ದೆ.
ಮದುವಿ ವಿಡಿಯೋದ ಫಕ್ಕೀರೇಶ ಸಾಕಾಗಿ ಕೊಟ್ಟ ಡ್ರೋನು,
ಎರಡು ಸಾವಿರಕ್ಕ ತಂದದ್ದು,
ಹಾರೂಕಿಂತ ಮೊದಲs ಸುಟ್ಟಿತು.

ನಾನು ಬೆಟಗೇರಿ ಪ್ರೆಸ್ಸಿನಾಗ
ಹತ್ತೊಂಬತ್ತು ವರ್ಷ ಮೊಳಿ ಜೋಡಿಸಿದವ.
ಲಗ್ನಪತ್ರಿಕಾ, ಸೊಸೈಟಿ ವರದಿ, ಕಿರಾಣಿ ಬಿಲ್ಲು,
ತಲಿಕೆಳಗಾದ ಸಾಲನ್ನ
ನೆಟ್ಟಗ ಓದಿದವ.
ಆಫ್‌ಸೆಟ್ ಬಂತು, ಮೊಳಿ ತೂಕಕ್ಕ ಹೋದವು,
ನನಗ ಕಟಿಂಗ್ ಮಶೀನು ಕೊಟ್ರು.
ಕೈಗೆ ಮಾತ್ರ ಯಾರೂ ಹೇಳಲಿಲ್ಲ.

ಕೊರಿಯರಿನಾಗ ಎರಡು ಬೋರ್ಡು ಬಂದುವು,
ಬಿಸ್ಕೀಟಿನಷ್ಟು ಒಂದೊಂದು.
ಕೆಳಗಿಂದು ಮೋಟಾರಿಗೆ ಕರೆಂಟ್ ಹಂಚೂದು,
ಮ್ಯಾಲಿಂದು ಹೆಂಗ ಹಂಚಬೇಕಂತ ಹೇಳೂದು.
ಊಟದ ಬಿಡುವಿನಾಗ ಭೂತಗನ್ನಡಿ ಹಿಡಿದು
ಒಂದೊಂದು ಕಾಲಿಗೆ ಒಂದೊಂದು ವೈರು ಬೆಸದೆ.
ಕಾದ ತುದಿ ಮುಟ್ಟಿದ ಕೂಡಲೇ
ಸೀಸ ಮೆತ್ತಗಾಗಿ ಹೊಳೀತು.
ಓಹೋ, ನೀ ಇಲ್ಲಿ ಅದೀ ಏನು, ಅಂದೆ.

ಎದುರಿನ ವೈಂಡಿಂಗ್ ಅಂಗಡಿ ದಾವಲಸಾಬ
ಚಹಾ ಹಿಡಕೊಂಡು ಬಂದ, ನೋಡಿದ.
"ಬ್ಯಾಟರಿ ಸೀದಾ ಹಚ್ಚಬ್ಯಾಡ ಮಾರಾಯಾ.
ನಡುವ ಒಂದು ಬಲ್ಬ್ ಹಾಕು."
ಸ್ಕೂಟರಿನ ಇಂಡಿಕೇಟರ್ ಬಲ್ಬು ತಂದು
ತಾನs ಜೋಡಿಸಿದ.
"ಉರಕೊಂತ ನಿಂತರ ಒಳಗ ಶಾರ್ಟ್ ಅದ.
ಮಿಂಚಿ ಆರಿದರ, ಛಲೋ."
ಮಿಂಚಿತು.
ನಾವಿಬ್ರೂ ಉಸಿರು ಹಿಡಕೊಂಡ್ವಿ.
ಆರಿತು.
ಪೀ, ಪೀ, ಪೀ ಅಂತ
ನಾಲ್ಕೂ ಮೋಟಾರು ಒಂದs ದನಿಯಾಗ ಕೂಗಿದುವು,
ಈಗ ಹುಟ್ಟಿದ ಬೆಕ್ಕಿನ ಮರಿಗತೆ.

ಮುಂದಿಂದು ತುಳಜಾನ ಕೆಲಸ.
ಬಾಕಳೆಯವರ ತುಳಜಾ, ಡಿಟಿಪಿ ಮಾಡೂ ಹುಡುಗಿ,
ನನ್ನ ಕುರ್ಚಿ ಈಗ ಆಕಿದು.
ಡ್ರೋನಿಗೆ ಕೇಬಲ್ ಹಚ್ಚಿ ಸ್ಕ್ರೀನ್ ಓದಿದಳು:
"ಕಾಕಾ, ಸಪಾಟ ಜಾಗಾದಾಗ ಇಡಬೇಕಂತ.
ಒಂದು ಕೂದಲಷ್ಟೂ ಓರೆ ಇರಬಾರದಂತ."

ಸಪಾಟ ಜಾಗಾ!
ಮೂಲ್ಯಾಗ ರದ್ದಿ ಹೊತ್ತು ಕುಂತಿತ್ತು
ಪುಟ ಕಟ್ಟೂ ಕಲ್ಲು.
ಅದರ ಮ್ಯಾಲೆ ಒಂದು ಮೊಳಿ ಎತ್ತರಾದರೂ
ಕಾಗದ ತೂತು ಬೀಳತಿತ್ತು.
ರದ್ದಿ ಸರಿಸಿ, ಧೋತರದ ತುದೀಲೆ ಒರೆಸಿ,
ಡ್ರೋನ್ ಇಟ್ಟೆ.
ಭೂಮಿ ಅಂದ್ರ ಇದು, ನೋಡಿಕೋ, ಅಂದೆ.
ತುಳಜಾ ಗುಂಡಿ ಒತ್ತಿದಳು.

ಆಮ್ಯಾಲೆ ಪಂಖಾ ಬಿಚ್ಚಿಟ್ಟು ಮೋಟಾರಿನ ಪರೀಕ್ಷಾ.
ಹಿಂದಿನ ಬಲಗಡಿದು ಒಂದನೇದು,
ಮುಂದಿನ ಬಲಗಡಿದು ಎರಡನೇದು,
ಹಿಂದಿನ ಎಡಗಡಿದು ಮೂರನೇದು.
ಪ್ರೂಫ್ ಕಾಗದದ ಚೂರು ತಾಗಿಸಿ ನೋಡಿದರ
ಮೂರನೇದು ತಿರುಗಿದ್ದs ಉಲ್ಟಾ.
ದಾವಲಸಾಬನಿಗೆ ಖುಷಿ ಅಂದ್ರ ಖುಷಿ.
"ಬೋರಿನ ಮೋಟಾರಿರಲಿ, ಈ ಗುಬ್ಬಿ ಇರಲಿ,
ಮೂರು ವೈರಿನಾಗ ಎರಡು ಅದಲಿಬದಲಿ ಮಾಡು.
ಯಾವ ಎರಡಾದ್ರೂ ಆತು."
ಹೊಗಿ ಎಬ್ಬಿಸಿದ ನನ್ನ ತಪ್ಪs
ಇಲ್ಲಿ ಔಷಧ.

ಸಂಜಿಗೆ ಹಿತ್ತಲಕ್ಕ ಒಯ್ದ್ವಿ.
ಪಂಖಾ ಬಿಗದೆ, ಕಡ್ಡಿ ದೂಡಿದೆ,
ಅದು ಎದ್ದದ್ದs ಪಲ್ಟಿ ಹೊಡೀತು,
ಬೆನ್ನ ಮ್ಯಾಲಾಗಿ ಬಿದ್ದು ಜೀರುಂಡಿಗತೆ ಒದ್ದಾಡಿತು.
ಎತ್ತಿ ಕನ್ನಡಿ ಹಿಡಿದೆ.
ಮ್ಯಾಲಿನ ಬೋರ್ಡಿನಾಗ ಒಂದು ಬಾಣದ ಗುರುತು,
ಅಕ್ಕಿಕಾಳಿಗಿಂತ ಸಣ್ಣದು,
ಮುಖ ಬಾಲದ ಕಡೆ.
ನಾಲ್ಕು ಸ್ಕ್ರೂ ಬಿಗಿಯೂ ಮುಂದ
ಯಾರೂ ಕೇಳದs
ನನ್ನ ಕೈ ಅದನ್ನ ಉಲ್ಟಾ ಇಟ್ಟಿತ್ತು.
"ಎಷ್ಟ ವರ್ಷಾತೋ ಮೊಳಿ ಬಿಟ್ಟು?"
ದಾವಲಸಾಬ ನಕ್ಕು ನಕ್ಕು ಚಹಾ ಚೆಲ್ಲಿಕೊಂಡ.

ಬಿಚ್ಚಬೇಕೇನು ಮತ್ತ, ಅಂದೆ.
"ಬ್ಯಾಡ ಕಾಕಾ," ತುಳಜಾ ಲ್ಯಾಪ್‌ಟಾಪ್ ತೆಗೆದಳು,
"ಉಲ್ಟಾ ಕುಂತೀನಿ ಅಂತ ಅದಕ್ಕs ಹೇಳಿಬಿಡೂಣು."
ನೂರಾ ಎಂಬತ್ತು ಅಂತ ಬರೆದಳು.
ಅಷ್ಟs.

ಹೊಸಾ ಪಂಖಾ ಹಾಕಿದೆ. ಎದ್ದಿತು.
ಎದಿಮಟ್ಟಕ್ಕ ಬಂದು ನಿಂತಿತು.
ಹಿತ್ತಲದ ರದ್ದಿ ಚೂರೆಲ್ಲಾ ಎದ್ದು ಕುಣಿದುವು,
ಅರ್ಧ ಹೆಸರು, ಅರ್ಧ ತಾರೀಖು,
ಯಾರದೋ ಲಗ್ನದ "ಆಗಮನಾಭಿಲಾಷಿ"ಯ ಒಂದು ತುಂಡು
ನನ್ನ ಮೀಸಿಗೆ ಬಂದು ಹತ್ತಿತು.

"ಬ್ಯಾಟರಿ ಮುಗೀಲಿಕ್ಕೆ ಹತ್ತೇತಿ ಕಾಕಾ, ಇಳಸ್ರಿ."

ಇಳಸೂ ಪುಟ
ನಾ ಇನ್ನೂ ಓದಿರಲಿಲ್ಲ.