ಸಾಕೆಂದರೆ ಸಾಕು

ಕಾರ್ಗಲ್ಲಿನಾಚೆ, ಹಿನ್ನೀರ ಮಗ್ಗುಲ ಕ್ಯಾಂಪಿಗೆ
ಮಂಗಟ್ಟೆ ಹಕ್ಕಿಯ ಲೆಕ್ಕ ಬರೆಯಲು ಬಂದವಳು ಡೋರೀನ್.
ವಾಚರ್ ಗಾಮಪ್ಪನ ಬಾಯಲ್ಲಿ ದ್ವಾರೀನಮ್ಮ.
ಅಡುಗೆಯವಳು ನಾನು.

ಸಂಜೆ ಆರಕ್ಕೇ ಊಟ ಅಂದಳು.
ಕೋಳಿ ಗೂಡು ಸೇರುವ ಮುಂಚೆ ಉಣ್ಣುವವರು
ನಮ್ಮಲ್ಲಿ ಬಾಣಂತಿಯರು ಮಾತ್ರ.
ಇರಲಿ, ಒಲೆ ಬೇಗ ಹಚ್ಚಿದೆ.
ತೊಡೆಯ ಮೇಲೆ ಬಟ್ಟೆ ಹಾಸಿಕೊಂಡು
ಎಡಗೈಯ ಮುಳ್ಳುಚಮಚದಲ್ಲಿ ರೊಟ್ಟಿ ಅದುಮಿ,
ಬಲಗೈಯ ಚೂರಿಯಲ್ಲಿ ಕೊಯ್ದು,
ಚೂರಿ ಕೆಳಗಿಟ್ಟು, ಚಮಚ ಬಲಗೈಗೆ ದಾಟಿಸಿ
ಆಮೇಲೆ ಬಾಯಿಗೆ.
ತುತ್ತು ತುತ್ತಿಗೂ ಇದೇ,
ಹೊಳೆಬಾಗಿಲ ಲಾಂಚಿನ ಹಾಗೆ
ಆ ದಡ, ಈ ದಡ.

ಇನ್ನೊಂದು ರೊಟ್ಟಿ?
ಸಾಕು.
ನಕ್ಕು, ಹಾಕಿದೆ.
ಸಾಕು ಅನ್ನುವುದು ನಮ್ಮಲ್ಲಿ ಚಿಲಕವಿಲ್ಲದ ಕದ,
ಮೂರು ಸಲ ತಟ್ಟದೆ ಹಿಂದಿರುಗುವುದು ಅವಮಾನ,
ನಮಗೋ ಬಂದವರಿಗೋ, ನನಗೆ ಗೊತ್ತಿಲ್ಲ.
ಯಾರದೋ ಗದ್ದೆಗೆ ನುಗ್ಗಿದ ಕರುವನ್ನು ನೋಡುವಂತೆ
ರೊಟ್ಟಿಯನ್ನೇ ನೋಡಿದಳು.
ನಮ್ಮೂರಲ್ಲಿ ಒಂದೇ ಸಲ ಕೇಳುತ್ತೇವೆ, ಅಂದಳು,
ಬೇಡ ಅಂದರೆ ಬೇಡ.
ಚೂರಿ ಚಮಚ ಒತ್ತೊತ್ತಿಗೆ ಮಲಗಿಸಿದರೆ
ಊಟ ಮುಗಿಯಿತು ಅಂತ.
ಎಲೆ ಮಡಚಿದ ಹಾಗೆ, ಅಂದ ಗಾಮಪ್ಪ.
ಕಲಿತೆ. ಉಪಚಾರ ಬಿಟ್ಟೆ.
ನವೆಂಬರಿನ ಕೊನೆಗೆ ಅವರ ಹಬ್ಬವಂತೆ,
ದೊಡ್ಡ ಹಕ್ಕಿಯನ್ನು ಇಡಿಯಾಗಿ ಸುಡುವುದು,
ಉಣ್ಣುವ ಮುಂಚೆ ಒಬ್ಬೊಬ್ಬರೂ ಒಂದೊಂದಕ್ಕೆ ಕೃತಜ್ಞತೆ ಹೇಳುವುದು.
ನಾಟಿಕೋಳಿ ಸಾರಿನ ಮುಂದೆ ಕೂತು
ಗಾಮಪ್ಪ ಜೀಪಿನ ಹೊಸ ಟೈರಿಗೆ ಹೇಳಿದ.
ಅವಳು ಬಸರಿ ಮರಕ್ಕೆ.

ಆ ವರ್ಷ ಚಳಿ
ಶಿವರಾತ್ರಿಯವರೆಗೆ ಕಾಯಲಿಲ್ಲ,
ಒಂದು ಸಲ ಶಿವ ಅನ್ನದೆಯೂ ಹೋಯಿತು.
ಸಂಕ್ರಾಂತಿಗೇ ಬಸರಿ ಹಣ್ಣಾಗಿ
ಯಾರೂ ಪಂಕ್ತಿಗೆ ಕೂರುವ ಮೊದಲೇ ಉದುರಿ
ನೆಲದಲ್ಲಿ ಹುಳಿ ನಾರಿತು.
ಪಾತ್ರೆ ತೊಳೆದ ನೀರಿಗೆ
ನಡುಹಗಲಲ್ಲಿ ಕಡವೆಯೊಂದು ಬಂತು,
ನಾನು ಎದ್ದರೂ ಓಡಲಿಲ್ಲ.

ಹೆಣ್ಣು ಮಂಗಟ್ಟೆ ಮಾತ್ರ ತನ್ನ ಪಂಚಾಂಗದಂತೆ
ಪೊಟರೆಗೆ ಹೊಕ್ಕು, ಒಳಗಿಂದ ಗೋಡೆ ಮೆತ್ತಿಕೊಂಡು
ಕೊಕ್ಕಿನಷ್ಟು ಸೀಳು ಬಿಟ್ಟು ಕೂತಿತು.
ಗಂಡು ಹಾರಿ ಹಾರಿ ತರಬೇಕು,
ಗಂಟಲಿಂದ ಒಂದೊಂದೇ ಹಣ್ಣು ಎತ್ತಿ
ಒಳಗೆ ದಾಟಿಸಬೇಕು.
ಹಿಂದಿನ ಸಲ ದಿನಕ್ಕೆ ಹದಿನೆಂಟು ಬಾರಿ.
ಈಗ ಒಂಬತ್ತು. ಏಳು.
ಡೋರೀನ್ ಪೆನ್ಸಿಲು ಚೂಪು ಮಾಡಿಕೊಂಡು
ನಾಲ್ಕು ಅಂತ ಬರೆದ ದಿನ
ಸೀಳಿನಿಂದ ಕೊಕ್ಕು ಹೊರಗೇ ಚಾಚಿತ್ತಂತೆ,
ಬಿಸಿಲಿಳಿಯುವವರೆಗೆ.

ಏಪ್ರಿಲ್ಲಿನಲ್ಲಿ ಗೋಡೆ ಒಡೆದಿತ್ತು.
ಹೆಣ್ಣು ಇರಲಿಲ್ಲ.
ಗಾಮಪ್ಪ ಏಣಿ ಹಾಕಿ ಕೈಯಿಳಿಸಿ ತಂದದ್ದು ಒಂದು ಮರಿ,
ಪುಕ್ಕ ಇನ್ನೂ ಕೊಳವೆಯೊಳಗೇ,
ನನ್ನ ಸೌಟಿನಷ್ಟೂ ತೂಕವಿಲ್ಲ.

ಅವತ್ತು ಆರಕ್ಕೆ ಅವಳು ಊಟಕ್ಕೆ ಬರಲಿಲ್ಲ.
ಒಂಬತ್ತಕ್ಕೆ ಬಂದು ಕೂತಳು,
ಖಾಲಿ ತಟ್ಟೆಯ ಮೇಲೆ
ಚೂರಿ ಚಮಚ ಒತ್ತೊತ್ತಿಗೆ ಮಲಗಿಸಿ.
ಗಂಜಿ ಹಾಕಲಾ?
ಬೇಡ.
ಕಲಿತವಳಲ್ಲವೇ ನಾನು,
ಪಾತ್ರೆ ಎತ್ತಿಕೊಂಡು ಒಲೆಯ ಕಡೆ ತಿರುಗಿದೆ.
ಬೆನ್ನ ಹಿಂದೆ, ತಡವರಿಸುವ ಕನ್ನಡದಲ್ಲಿ,
ಇನ್ನೊಂದು ಸಲ ಕೇಳು, ಅಂದಳು.

ಕೇಳಿದೆ.
ಕೈಯಲ್ಲೇ ಉಂಡಳು, ಎಡಗೈಯಲ್ಲಿ,
ನಾನು ತಿದ್ದಲಿಲ್ಲ.

ಬೆಳಗಾಗೆದ್ದು ನೀರಿಗೆ ಹೋದಾಗ
ಒಡೆದ ಪೊಟರೆಯ ಬಾಯಲ್ಲಿ ಗಂಡು ಕೂತಿತ್ತು.
ಎಲ್ಲಿ ಹುಡುಕಿತ್ತೋ, ಕೊಕ್ಕಿನ ತುದಿಗೆ ಒಂದೇ ಹಣ್ಣು.
ಒಳಕ್ಕೆ ಚಾಚಿತು.
ತಡೆಯಿತು.
ಕತ್ತು ಹಿಂದೆಳೆದು, ಹಣ್ಣನ್ನು ಸರಿಯಾಗಿ ಕಚ್ಚಿಕೊಂಡು
ಮತ್ತೆ ಚಾಚಿತು.